ಉಬ್ಬು ಇರುವ ಕಡೆಯಿಂದ ಮುಂದಿನ ಗಂಟು

ಕೇಳುಗರೇ, ನಮಸ್ಕಾರ. ಶಾಲೆಗಳಿಗೆ ಬೇಸಿಗೆ ರಜೆ. ನಮ್ಮ ಕಲಬುರಗಿಯ ಬಿಸಿಲಿನಲ್ಲಿ ಬೆಳಿಗ್ಗೆ ಹತ್ತರ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ, ಒಳಗೆ ಕೂರಿಸಿದರೆ ಮೊಬೈಲ್ ಕೆಳಗಿಡುವುದಿಲ್ಲ. ಅಂಥ ಮನೆಗಳ ತಾಯಂದಿರನ್ನೂ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇವತ್ತು ಪ್ಯಾರಾಕಾರ್ಡ್ ಬ್ರೇಸ್‌ಲೆಟ್ ಹೆಣೆಯುವುದನ್ನು ಹೇಳಲು ಬಂದಿದ್ದೇನೆ. ಹತ್ತು ಅಡಿ ಹಗ್ಗ, ಒಂದು ಪ್ಲಾಸ್ಟಿಕ್ ಲಾಕ್, ಒಂದು ಕತ್ತರಿ, ಒಂದು ಲೈಟರ್ ಇದ್ದರೆ ಸಾಕು. ಕಲಿತ ಕೈಗೆ ಅರ್ಧ ಗಂಟೆಯ ಕೆಲಸ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಉಬ್ಬು ಯಾವ ಕಡೆ ಇದೆಯೋ ಆ ಕಡೆಯಿಂದಲೇ ಮುಂದಿನ ಗಂಟು. ಉಬ್ಬು ಎಂದರೇನು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮಾತನ್ನು ಮಾತ್ರ ಈಗಲೇ ಬಾಯಿಪಾಠ ಮಾಡಿಕೊಳ್ಳಿ.

ಬೀದರ್ ಕಡೆಯ ಕೇಳುಗರಿಗೆ ವಿಮಾನದ ಸದ್ದು ಹೊಸದಲ್ಲ, ಅಲ್ಲಿ ವಾಯುಪಡೆಯ ತರಬೇತಿ ನೆಲೆಯೇ ಇದೆ. ವಿಮಾನದಿಂದ ಜಿಗಿದವರ ತಲೆಯ ಮೇಲೆ ಪ್ಯಾರಾಚೂಟಿನ ಕೊಡೆ ಬಿಚ್ಚಿಕೊಳ್ಳುತ್ತದೆ. ಆ ಕೊಡೆಯನ್ನೂ ಅವರ ಮೈಮೇಲಿನ ಪಟ್ಟಿಗಳನ್ನೂ ಜೋಡಿಸುವ ತೆಳ್ಳನೆಯ ನೈಲಾನ್ ಹಗ್ಗವೇ ಪ್ಯಾರಾಕಾರ್ಡ್. ದಪ್ಪ ಸುಮಾರು 4 ಮಿಲಿಮೀಟರ್. ಹೊರಗೆ ಹೆಣೆದ ಕವಚ, ಒಳಗೆ ಬೇರೆ ಬೇರೆಯಾಗಿ ಎಳೆಯಬಹುದಾದ ಏಳು ಬಿಳಿ ಎಳೆಗಳು. ಅಂಗಡಿಯಲ್ಲಿ 550 ಎಂಬ ಸಂಖ್ಯೆ ಕೇಳಿ ತೆಗೆದುಕೊಳ್ಳಿ. ಅದು ಪೌಂಡಿನ ಲೆಕ್ಕ, ಎರಡೂವರೆ ಕ್ವಿಂಟಲ್ ತೊಗರಿಯ ತೂಕ ಬೀಳುವವರೆಗೆ ತಡೆಯುತ್ತದೆ ಎಂದು ಅರ್ಥ. 1997ರಲ್ಲಿ ಹಬಲ್ ದೂರದರ್ಶಕವನ್ನು ದುರಸ್ತಿ ಮಾಡಲು ಹೋದ ಗಗನಯಾತ್ರಿಗಳು ಅದರ ಉಷ್ಣರಕ್ಷಕ ಹೊದಿಕೆಗೆ ತೇಪೆ ಕಟ್ಟಿದ್ದೂ ಇದೇ ಹಗ್ಗದಿಂದ. ಕೊಳ್ಳುವಾಗ ತುದಿಯನ್ನು ಬಿಡಿಸಿ ನೋಡಿ. ಒಳಗೆ ಎಳೆಗಳಿಲ್ಲದೆ ಟೊಳ್ಳಾಗಿದ್ದರೆ, ಅಥವಾ ಹತ್ತಿಯಂಥದ್ದೇನೋ ತುಂಬಿದ್ದರೆ, ಅಲ್ಲೇ ಬಿಟ್ಟು ಬನ್ನಿ.

ಈಗ ಅಳತೆ. ಮಣಿಕಟ್ಟಿನ ಸುತ್ತ ದಾರ ಹಿಡಿದು ಅಳೆಯಿರಿ, ಅದಕ್ಕೆ ಒಂದು ಇಂಚು ಸೇರಿಸಿ. ಏಳು ಇಂಚಿನ ಮಣಿಕಟ್ಟಿಗೆ ಎಂಟು ಇಂಚಿನ ಬ್ರೇಸ್‌ಲೆಟ್. ಒಂದು ಇಂಚು ಹೆಣೆಯಲು ಸುಮಾರು ಒಂದು ಅಡಿ ಹಗ್ಗ ಬೇಕು, ನಡುವಿನ ಎಳೆಗಳಿಗೆ ಇನ್ನಷ್ಟು. ಹೀಗೆ ಲೆಕ್ಕ ಹತ್ತು ಅಡಿಗೆ ಬರುತ್ತದೆ. ನೈಲಾನ್ ನೀರು ತಾಗಿದರೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಹೆಣೆಯುವ ಮೊದಲು ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ. ಲಾಕ್ ಎಂದರೆ ಶಾಲೆಯ ಚೀಲಗಳಿಗೆ ಇರುತ್ತದಲ್ಲ, ಟಕ್ಕೆಂದು ಕೂರುವಂಥದ್ದು, ಅದೇ. ಹರಿದ ಚೀಲದಿಂದ ಬಿಚ್ಚಿಕೊಂಡರೂ ಆಯಿತು.

ಹಗ್ಗವನ್ನು ಸರಿಯಾಗಿ ನಡುವಿಗೆ ಮಡಚಿ, ಆ ಮಡಿಕೆಯನ್ನು ಲಾಕಿನ ಒಂದು ಭಾಗಕ್ಕೆ ಕುಣಿಕೆಯಾಗಿ ಹಾಕಿ. ಎರಡೂ ತುದಿಗಳನ್ನು ಇನ್ನೊಂದು ಭಾಗದೊಳಗೆ ತೂರಿಸಿ, ಎರಡು ಭಾಗಗಳ ನಡುವೆ ನಿಮ್ಮ ಅಳತೆಯಷ್ಟು ಅಂತರ ಉಳಿಸಿ. ಈಗ ನಡುವೆ ಎರಡು ಎಳೆ ನೆಟ್ಟಗೆ ನಿಂತಿವೆ, ಎಡಕ್ಕೊಂದು ಬಲಕ್ಕೊಂದು ತುದಿ ಜೋತಾಡುತ್ತಿದೆ. ನಡುವಿನವು ಅಲುಗುವುದಿಲ್ಲ, ಕೆಲಸವೆಲ್ಲ ಅಕ್ಕಪಕ್ಕದ ತುದಿಗಳದ್ದು. ಎಡದ ತುದಿಯನ್ನು ನಡುವಿನ ಎಳೆಗಳ ಮುಂದಿನಿಂದ ಬಲಕ್ಕೆ ತನ್ನಿ, ಎಡಗಡೆ ಒಂದು ಸಡಿಲ ಬಳೆ ಉಳಿಯಲಿ. ಬಲದ ತುದಿಯನ್ನು ಅದರ ಮೇಲೆ ಇಳಿಸಿ, ಎಳೆಗಳ ಹಿಂದಿನಿಂದ ಎಡಕ್ಕೆ ಒಯ್ದು, ಆ ಬಳೆಯೊಳಗಿಂದ ಮುಂದಕ್ಕೆ ತೆಗೆಯಿರಿ. ಎರಡನ್ನೂ ಸಮನಾಗಿ ಎಳೆಯಿರಿ. ಒಂದು ಗಂಟು ಬಿತ್ತು. ಮುಂದಿನದನ್ನು ಬಲದಿಂದ ಇದೇ ರೀತಿ ಹಾಕಿ. ಸ್ಕೌಟ್ ಮಕ್ಕಳಿಗೆ ಗೊತ್ತಿರುವ ರೀಫ್ ಗಂಟೇ ಇದು. ನಡುವೆ ಎರಡು ಎಳೆ ಇಟ್ಟುಕೊಂಡು ಹಾಕುತ್ತೇವೆ, ಅಷ್ಟೆ. ಇದನ್ನು ಕೋಬ್ರಾ ಹೆಣಿಗೆ ಎನ್ನುತ್ತಾರೆ.

ಒಮ್ಮೆ ಎಡ, ಒಮ್ಮೆ ಬಲ. ಕೇಳಲು ಸುಲಭ. ಆದರೆ ನಡುವೆ ಯಾರೋ ಕರೆಯುತ್ತಾರೆ, ಎದ್ದು ಹೋಗಿ ಬರುತ್ತೀರಿ, ಮುಂದಿನದು ಎಡವೋ ಬಲವೋ ಗೊತ್ತಾಗುವುದಿಲ್ಲ. ಒಂದೇ ಕಡೆಯಿಂದ ಎರಡು ಸಲ ಹಾಕಿದರೆ ಅಂಚು ಕೆಡುತ್ತದೆ, ಹಾಗೆಯೇ ಮುಂದುವರಿಸಿದರೆ ಇಡೀ ಪಟ್ಟಿ ತಿರುಚಿಕೊಳ್ಳುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಇದಕ್ಕೆ ಎಂಥ ಸುಲಭ ದಾರಿಯಿದೆ ಎಂದು ಒಬ್ಬ ಹುಡುಗಿ ತೋರಿಸಿಕೊಟ್ಟಳು. ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬೇಸಿಗೆ ಶಿಬಿರ ನಡೆಸುತ್ತಿದ್ದೆ. ಆ ಹುಡುಗಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಜೊತೆಗೆ ಬಂದಿದ್ದ ದೊಡ್ಡವರೊಬ್ಬರು, ‘ಅವಳು ಸುಮ್ಮನೆ ಕೂತು ಕೇಳಲಿ ಬಿಡಿ ಸರ್’ ಎಂದರು. ನಾನು ಒಪ್ಪಲಿಲ್ಲ, ಅವಳ ಕೈಗೂ ಹಗ್ಗ ಕೊಟ್ಟೆ. ಮೊದಲೆರಡು ಗಂಟುಗಳನ್ನು ಅವಳ ಕೈ ಹಿಡಿದು ಹಾಕಿಸಿದೆ. ಮೂರನೆಯದಕ್ಕೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು. ಹೆಬ್ಬೆರಳನ್ನು ಪಟ್ಟಿಯ ಒಂದು ಅಂಚಿನ ಮೇಲೆ ಜಾರಿಸುತ್ತಾ ತುದಿಗೆ ಬಂದಳು, ನಿಲ್ಲಿಸಿದಳು, ಇನ್ನೊಂದು ಅಂಚನ್ನು ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, ‘ಸರ್, ಇಲ್ಲಿ ಒಂದು ಉಬ್ಬು ಬರುತ್ತದೆ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅದು ಇರುವ ಕಡೆಯಿಂದ ಹಾಕಿದರೆ ಆಯಿತಲ್ಲವೇ?’

ನಾನು ಆ ಪಟ್ಟಿಯನ್ನು ತೆಗೆದುಕೊಂಡು ಕಣ್ಣು ಮುಚ್ಚಿ ಮುಟ್ಟಿದೆ. ಹೌದು, ಕೊನೆಯ ಗಂಟಿನ ಒಂದು ಪಕ್ಕದಲ್ಲಿ ಹಗ್ಗ ನೆಟ್ಟಗೆ ಇಳಿದು ಇನ್ನೊಂದನ್ನು ಅದುಮಿ ಹಿಡಿದಿರುತ್ತದೆ. ಅದೇ ಉಬ್ಬು. ಅದರ ಅಡಿಯಿಂದ ಹೊರಬಂದ ತುದಿಯೇ ಮುಂದಿನ ಗಂಟಿಗೆ ಮುಂದಿನಿಂದ ಹಾಯಬೇಕಾದದ್ದು. ಇದು ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದೆ. ಮನೆಯಲ್ಲಿ ಮುತ್ಯಾ ಪುಂಡಿ ನಾರಿನಿಂದ ಎತ್ತುಗಳಿಗೆ ಹಗ್ಗ ಹೊಸೆಯುತ್ತಾರಂತೆ, ಸಣ್ಣವಳಿದ್ದಾಗಿನಿಂದ ಅವರ ಪಕ್ಕ ಕೂತು ನಾರು ಕೊಡುವವಳು ಇವಳೇ. ಎಳೆ ಎಲ್ಲಿ ಸಡಿಲಾಯಿತು, ಎಲ್ಲಿ ಬಿಗಿಯಾಯಿತು ಎನ್ನುವುದು ಅವಳ ಬೆರಳಿಗೆ ಗೊತ್ತು.

ಮಧ್ಯಾಹ್ನದ ಹೊತ್ತಿಗೆ ಅವಳ ಸುತ್ತ ಮಕ್ಕಳು ಮುತ್ತಿಕೊಂಡಿದ್ದರು. ‘ಅಕ್ಕಾ, ನನ್ನದು ನೋಡು’, ‘ಅಕ್ಕಾ, ನನ್ನದು.’ ಒಬ್ಬೊಬ್ಬರ ಪಟ್ಟಿಯ ಮೇಲೂ ಎರಡು ಹೆಬ್ಬೆರಳು ಓಡಿಸುವಳು, ಒಂದು ಜಾಗದಲ್ಲಿ ನಿಲ್ಲಿಸಿ, ‘ಇಲ್ಲಿ ಎರಡು ಸಲ ಎಡದಿಂದಲೇ ಹಾಕಿದ್ದೀ, ಇಲ್ಲಿಯತನಕ ಬಿಚ್ಚು’ ಎನ್ನುವಳು. ಬಿಚ್ಚಿ ನೋಡಿದರೆ ಅವಳು ಹೇಳಿದ್ದೇ ಸರಿ. ಅಂದಿನಿಂದ ನಾನು ಎಲ್ಲಿ ಕಲಿಸಿದರೂ ಅವಳ ಮಾತಿನಿಂದಲೇ ಶುರುಮಾಡುತ್ತೇನೆ. ಉಬ್ಬು ಇರುವ ಕಡೆಯಿಂದ ಮುಂದಿನ ಗಂಟು.

ಆದ್ದರಿಂದ ದಯವಿಟ್ಟು ಮೊಬೈಲಿನಲ್ಲಿ ವಿಡಿಯೊ ಓಡಿಸುತ್ತಾ, ನಿಲ್ಲಿಸುತ್ತಾ, ಹಿಂದಕ್ಕೆ ಒಯ್ಯುತ್ತಾ ಹೆಣೆಯಬೇಡಿ. ಕೆಲವು ವಿಡಿಯೊಗಳಲ್ಲಿ ಎಡ ಬಲವಾಗಿ ಕಾಣುತ್ತದೆ, ತಲೆ ಕೆಡುತ್ತದೆ. ಗುರುತು ನಿಮ್ಮ ಹಗ್ಗದಲ್ಲೇ ಇದೆ, ಮುಟ್ಟಿ ನೋಡಿ. ರೇಡಿಯೊ ಕೇಳುತ್ತಾ ಹೆಣೆಯಬಹುದಾದ ಕೆಲಸ ಇದು.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಲಾಕಿನ ಇನ್ನೊಂದು ಭಾಗ ಮುಟ್ಟುವವರೆಗೆ ಹೆಣೆದು, ತುದಿಗಳನ್ನು ಕಾಲು ಇಂಚು ಬಿಟ್ಟು ಕತ್ತರಿಸಿ. ಲೈಟರಿನ ಉರಿ ತೋರಿಸಿದರೆ ನೈಲಾನ್ ಕರಗುತ್ತದೆ, ತಕ್ಷಣ ಚಮಚದ ಬೆನ್ನಿನಿಂದ ಒತ್ತಿ. ಬೆರಳಿನಿಂದ ಒತ್ತಬೇಡಿ, ಕರಗಿದ ನೈಲಾನ್ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಇದು ದೊಡ್ಡವರ ಕೆಲಸ, ಮಕ್ಕಳದ್ದಲ್ಲ. ಬೇಕಾದಾಗ ಕರಗಿಸಿದ ತುದಿಯನ್ನು ಕತ್ತರಿಸಿ ಎಳೆದರೆ ಹತ್ತಿರ ಹತ್ತಿರ ಹತ್ತು ಅಡಿ ಗಟ್ಟಿ ಹಗ್ಗ ನಿಮ್ಮ ಕೈಯಲ್ಲಿ. ಗಾಡಿಯ ಮೇಲೆ ಸಾಮಾನು ಕಟ್ಟಿ, ತಾಡಪಾಲು ಬಿಗಿಯಿರಿ. ಒಳಗಿನ ಒಂದು ಎಳೆ ತೆಗೆದು ಹರಿದ ಚೀಲ ಹೊಲಿಯಿರಿ. ಮನುಷ್ಯರನ್ನು ಬಾವಿಗೆ ಇಳಿಸಲು, ಬಂಡೆ ಹತ್ತಲು ಮಾತ್ರ ಬಳಸಲೇಬೇಡಿ.

ಪ್ಯಾರಾಕಾರ್ಡ್ ತರಿಸುವವರೆಗೆ ಕಾಯುವ ಅಗತ್ಯವಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಎರಡು ಬಣ್ಣದ ಲಾಡಿ ತೆಗೆದುಕೊಳ್ಳಿ, ತುದಿಗಳನ್ನು ಜೋಡಿಸಿ ಗಂಟು ಹಾಕಿ, ಮಂಚದ ಕಾಲಿಗೆ ಸಿಕ್ಕಿಸಿ, ನಡುವಿನ ಎಳೆಗಳ ಬದಲು ಆ ಕಾಲೇ ಇರಲಿ, ಮಕ್ಕಳನ್ನು ಪಕ್ಕ ಕೂರಿಸಿಕೊಳ್ಳಿ. ಬಣ್ಣ ಬೇರೆಯಿದ್ದರೆ ಉಬ್ಬು ಕಣ್ಣಿಗೂ ಕಾಣುತ್ತದೆ. ಮೊದಲ ಗಂಟು ಎಡದಿಂದ ಹಾಕಿ, ಉಬ್ಬು ಬಲಕ್ಕೆ ಬಂದಿದೆಯೇ ಎಂದು ಮಕ್ಕಳನ್ನೇ ಕೇಳಿ. ನಮಸ್ಕಾರ.