ಅಂಗನವಾಡಿ ತಟ್ಟೆಯ ಹಿಂದಿನ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

ನಿಮ್ಮ ಊರಲ್ಲೋ, ಕಾಡಂಚಿನ ಹಾಡಿಯಲ್ಲೋ, ಸಿಟಿಯ ಯಾವುದೋ ಶೆಡ್ಡಿನ ಸಾಲಿನಲ್ಲೋ ಆರು ವರ್ಷದೊಳಗಿನ ಮಕ್ಕಳು 40 ಮಂದಿ ಇದ್ದಾರೆ, ಆದರೆ ಅಂಗನವಾಡಿ ಇಲ್ಲ ಅಂತಿಟ್ಟುಕೊಳ್ಳಿ. ಆಗ ಅಲ್ಲಿನ ಜನ ನಮಗೊಂದು ಅಂಗನವಾಡಿ ಬೇಕು ಅಂತ ಕೇಳಿದರೆ, ಕೇಳಿದ ದಿನದಿಂದ ಮೂರು ತಿಂಗಳ ಒಳಗೆ ತೆರೆಯಬೇಕು. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಹೀಗಂತ ಆದೇಶ ಕೊಟ್ಟಿದೆ. ನಾನು ಅಂಗನವಾಡಿ ಟೀಚರುಗಳಿಗೆ ತರಬೇತಿ ಕೊಡೋಕೆ ಹೋದ ಕಡೆಯಲ್ಲೆಲ್ಲ ಮೊದಲು ಇದನ್ನೇ ಹೇಳುತ್ತೇನೆ, ಯಾಕಂದ್ರೆ ಬಹಳ ಜನ ಅಂಗನವಾಡಿ ಅಂದ್ರೆ ಸರ್ಕಾರ ಮನಸ್ಸು ಬಂದಾಗ ಕೊಡೋದು ಅಂತಲೇ ತಿಳಿದಿದ್ದಾರೆ. ಪಂಚಾಯಿತಿ ಸದಸ್ಯರೂ ಹಾಗೇ ತಿಳಿದಿರುತ್ತಾರೆ, ಏನು ಮಾಡೋದು.

ಅಂಗನವಾಡಿಯ ಈ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಇಡೀ ದೇಶದಲ್ಲಿ ಪ್ರಯೋಗಕ್ಕೆ ಅಂತ ಆರಿಸಿದ್ದು ಬರೀ 33 ಕಡೆ. ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದು. ಅಲ್ಲಿ ನೂರು ಅಂಗನವಾಡಿಗಳಿಂದ ಶುರುವಾಗಿದ್ದು ಇವತ್ತು ರಾಜ್ಯದಲ್ಲಿ 65,000 ದಾಟಿದೆ. ಆದರೆ ಇದೆಲ್ಲ ತನ್ನಷ್ಟಕ್ಕೆ ತಾನೇ ಬೆಳೆದದ್ದಲ್ಲ. ಮೊದಲ 25 ವರ್ಷ ಯೋಜನೆ ಇತ್ತು, ಸರಿ, ಆದರೆ ಕೆಲವು ಊರಿಗೆ ಸಿಕ್ಕಿತು, ಕೆಲವು ಊರಿಗೆ ಸಿಗಲಿಲ್ಲ. ಸಿಗದ ಊರಿನವರು ಯಾರನ್ನು ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ.

2001ರಲ್ಲಿ ರಾಜಸ್ಥಾನದಲ್ಲಿ ಭೀಕರ ಬರ. ಸರ್ಕಾರಿ ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕುತ್ತಿದೆ, ಗೋದಾಮಿನ ಆಚೆ ಜನ ಉಪವಾಸ ಇದ್ದಾರೆ. ಪಿಯುಸಿಎಲ್ ಅನ್ನೋ ನಾಗರಿಕ ಹಕ್ಕುಗಳ ಸಂಘಟನೆಯವರು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆಹಾರದ ಹಕ್ಕಿನ ಕೇಸು ಅಂತ ಆಮೇಲೆ ಹೆಸರಾಗಿದ್ದು ಇದೇ. ಅದೇ ವರ್ಷ ನವೆಂಬರ್ 28ರಂದು ಕೋರ್ಟು, ಅಂಗನವಾಡಿ ಎಲ್ಲಾ ಊರಿಗೂ, ಎಲ್ಲಾ ಮಗುವಿಗೂ, ಎಲ್ಲಾ ಬಸುರಿ ಬಾಣಂತಿಯರಿಗೂ ಸಿಗಬೇಕು ಅಂತ ಹೇಳಿತು. ಹೇಳಿ ಸುಮ್ಮನಾಗಲಿಲ್ಲ, ಆದೇಶ ಪಾಲನೆ ಆಗುತ್ತಿದೆಯಾ ಅಂತ ನೋಡೋಕೆ ಆಯುಕ್ತರನ್ನೂ ನೇಮಿಸಿತು. ವರ್ಷಗಟ್ಟಲೆ ಕೇಸು ನಡೆಯಿತು, ಒಂದರ ಮೇಲೊಂದು ಆದೇಶ ಬಂತು. ಪ್ರತಿ ಆದೇಶದ ಹಿಂದೆ ಯಾರೋ ಹಳ್ಳಿ ಹಳ್ಳಿ ಸುತ್ತಿ ಬರೆದುಕೊಂಡು ಬಂದ ವರದಿ ಇರುತ್ತಿತ್ತು. ಕೋರ್ಟಿನಲ್ಲಿ ಮಾತಾಡಿದ ವಕೀಲರ ಹೆಸರು ಪೇಪರಿನಲ್ಲಿ ಬರುತ್ತೆ. ಅಂಗನವಾಡಿ ಬಾಗಿಲಲ್ಲಿ ಕೂತು ಮಕ್ಕಳ ಲೆಕ್ಕ ಹಾಕಿದವರ ಹೆಸರು ಬರೋದಿಲ್ಲ.

2004ರ ಅಕ್ಟೋಬರಿನ ಆದೇಶ ನನಗೆ ಬಹಳ ಇಷ್ಟ. ಅಂಗನವಾಡಿಗೆ ಆಹಾರ ಸರಬರಾಜು ಮಾಡೋಕೆ ಕಂಟ್ರಾಕ್ಟರುಗಳನ್ನು ಇಟ್ಟುಕೊಳ್ಳಬೇಡಿ, ಊರಿನ ಮಹಿಳಾ ಮಂಡಳಿಗೆ, ಸ್ವಸಹಾಯ ಸಂಘಕ್ಕೆ ಕೊಡಿ ಅಂತ. ಇದರ ಫಲವಾಗಿ ನಮ್ಮಲ್ಲಿ ಎಂಎಸ್‌ಪಿಟಿಸಿಗಳು ಬಂದವು, ಅಂದ್ರೆ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕೆ ಮತ್ತು ತರಬೇತಿ ಕೇಂದ್ರಗಳು. ಎಲ್ಲಾ ನೆಟ್ಟಗಾಯಿತು ಅಂತ ನಾನು ಹೇಳೋದಿಲ್ಲ. ಹೆಸರಿಗೆ ಮಹಿಳೆಯರು, ಹಿಂದೆ ಇರೋದು ಹಳೇ ಕಂಟ್ರಾಕ್ಟರೇ ಅನ್ನೋ ದೂರು ಬಂದು, ಸುಪ್ರೀಂ ಕೋರ್ಟಿನ ಆಯುಕ್ತರ ಕಡೆಯವರು ಬಂದು ಪರಿಶೀಲನೆ ಮಾಡಬೇಕಾಯಿತು. ರಾಯಚೂರು ಕಡೆಯ ಮಕ್ಕಳ ಸ್ಥಿತಿ ಸುದ್ದಿಯಾದ ಮೇಲೆ ನಮ್ಮ ಹೈಕೋರ್ಟ್ ಕೂಡ ಕೈ ಹಾಕಿತು. 2012ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಸಮಿತಿ ರಾಜ್ಯದ ಅಪೌಷ್ಟಿಕತೆ ಬಗ್ಗೆ ವರದಿ ಮಾಡಿದ್ದು ಹಾಗೆ. 2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದಾಗ ಇದೆಲ್ಲ ಕಾನೂನಿನ ಪುಸ್ತಕಕ್ಕೆ ಸೇರಿತು. ಆಗ ಅದರಲ್ಲಿ ಬರೆದ ಲೆಕ್ಕ ಹೀಗಿತ್ತು: ಆರು ತಿಂಗಳಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು. ಬಸುರಿ ಬಾಣಂತಿಗೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನು. ತೀರಾ ಸೊರಗಿದ ಮಗುವಿಗೆ 800 ಕ್ಯಾಲೊರಿ.

ಇಷ್ಟು ಆದ ಮೇಲೂ ಮಕ್ಕಳು ಯಾಕೆ ಸೊರಗಿದ್ದಾರೆ ಅಂತ ನೀವು ಕೇಳಬಹುದು, ಕೇಳಲೇಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಜನ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅದರ ಹಿಂದಿನ ಸಮೀಕ್ಷೆಯಲ್ಲಿ 36 ಇತ್ತು. ಎತ್ತರಕ್ಕೆ ತಕ್ಕ ತೂಕ ಇಲ್ಲದವರು 26ರಿಂದ 19.5ಕ್ಕೆ ಇಳಿದಿದ್ದಾರೆ, ಅದು ಒಳ್ಳೆಯ ಸುದ್ದಿ. ಆದರೆ ರಕ್ತಹೀನತೆ ಇರುವ ಮಕ್ಕಳು 61ರಿಂದ 65.5ಕ್ಕೆ ಏರಿದ್ದಾರೆ. ಮೂರು ಮಕ್ಕಳಲ್ಲಿ ಇಬ್ಬರು ಅಂದ ಹಾಗಾಯಿತು.

ನನ್ನ ಲೆಕ್ಕದಲ್ಲಿ ಇದಕ್ಕೆ ಕಾರಣ ಆಹಾರದ ಕೊರತೆ ಒಂದೇ ಅಲ್ಲ. ಹೋರಾಟದಿಂದ ಊಟ ಅಂಗನವಾಡಿಯ ಬಾಗಿಲವರೆಗೆ ಬರುತ್ತೆ. ಬಾಗಿಲಿನಿಂದ ಮಗುವಿನ ಹೊಟ್ಟೆಗೆ ಹೋಗೋಕೆ ಬೇಕಾದ್ದು ತರಬೇತಿ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ. ಅದರಲ್ಲಿ ಗಲಾಟೆ ಇಲ್ಲ, ಸುದ್ದಿ ಇಲ್ಲ. ಒಂದು ಹಾಲ್, ನಾಲ್ಕು ಚಾಪೆ, ಮಧ್ಯಾಹ್ನ ಮೂರು ಗಂಟೆಗೆ ತೂಕಡಿಸುವ ಮೂವತ್ತು ಟೀಚರುಗಳು, ಅಷ್ಟೇ.

ಒಂದು ಉದಾಹರಣೆ ಹೇಳ್ತೀನಿ. ಆರು ತಿಂಗಳು ತುಂಬಿದ ಮಗುವಿಗೆ ಮೇಲೂಟ ಶುರು ಮಾಡಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಮನೆಯಲ್ಲಿ ಏನು ಕೊಡ್ತಾರೆ? ಬೇಳೆ ಕಟ್ಟು, ಗಂಜಿ ತಿಳಿ. ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿ ಹೋಗುತ್ತೆ, ಶಕ್ತಿ ಮಾತ್ರ ಸಿಗೋದಿಲ್ಲ. ಅದಕ್ಕೆ ತರಬೇತಿಯಲ್ಲಿ ನಾವು ಭಾಷಣ ಬಿಟ್ಟು ರಾಗಿ ಸರಿ ಮಾಡಿಸುತ್ತೇವೆ. ಚಮಚದಲ್ಲಿ ತೆಗೆದು ಓರೆ ಮಾಡಿ ತೋರಿಸುತ್ತೇವೆ. ಸಳ್ಳನೆ ಜಾರಿ ಹೋದರೆ ತೆಳ್ಳಗಾಯಿತು, ಚಮಚದಲ್ಲೇ ನಿಂತರೆ ಸರಿ. ಮೇಲೆ ಅರ್ಧ ಚಮಚ ತುಪ್ಪವೋ ಎಣ್ಣೆಯೋ. ಬೇಳೆ ಕಟ್ಟು ಬಿಟ್ಟು ಬೇಳೆಯನ್ನೇ ಹಿಸುಕಿ ಹಾಕಿ, ಸೊಪ್ಪನ್ನೂ ಹಿಸುಕಿ ಹಾಕಿ. ಇದನ್ನು ಕಾಗದದಲ್ಲಿ ಬರೆದುಕೊಟ್ಟರೆ ಟೀಚರು ಫೈಲಿಗೆ ಹಾಕುತ್ತಾರೆ. ಕೈಯಾರೆ ಮಾಡಿಸಿದರೆ ಊರಿಗೆ ಹೋಗಿ ಮತ್ತೊಬ್ಬರ ಅಡುಗೆಮನೆಯಲ್ಲಿ ಮಾಡಿ ತೋರಿಸುತ್ತಾರೆ.

ಅಳತೆಯ ವಿಷಯವೂ ಹಾಗೇ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ ಅಳೆಯಬೇಕು. ಮಲಗಿಸಿದಾಗಿನ ಉದ್ದಕ್ಕೂ ನಿಲ್ಲಿಸಿದಾಗಿನ ಎತ್ತರಕ್ಕೂ 0.7 ಸೆಂಟಿಮೀಟರ್ ವ್ಯತ್ಯಾಸ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಇಟ್ಟಿದೆ. ಅಷ್ಟು ಸಾಕು, ಗೆರೆಯ ಮೇಲಿದ್ದ ಮಗು ಅಪೌಷ್ಟಿಕ ಮಕ್ಕಳ ಪಟ್ಟಿಯಿಂದ ಬಿಟ್ಟು ಹೋಗೋಕೆ. ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಅಂತೂ ಎಂಥವರೂ ಕಲಿಯಬಹುದು. ಆರು ತಿಂಗಳಿಂದ ಐದು ವರ್ಷದ ಮಗುವಿನ ಎಡ ತೋಳಿನ ಮಧ್ಯಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ತಡಮಾಡದೆ ಆಸ್ಪತ್ರೆ. 12.5ರವರೆಗೆ ಹಳದಿ, ಕಣ್ಣಿಟ್ಟಿರಬೇಕು. ಇದನ್ನು ತಾಯಂದಿರಿಗೇ ಕಲಿಸಿಕೊಡಬೇಕು ಅನ್ನೋದು ನನ್ನ ಹಠ. ಟೀಚರ್ ಬರಲಿ ಅಂತ ತಿಂಗಳುಗಟ್ಟಲೆ ಕಾಯೋದು ಯಾಕೆ?

ಹೊಸದಾಗಿ ಸೇರಿದ ಟೀಚರಿಗೆ ಹಿಂದೆ 26 ದಿನದ ತರಬೇತಿ ಇರುತ್ತಿತ್ತು, ಆಮೇಲೆ ಆಗಾಗ ಪುನಶ್ಚೇತನ. 2018ರಲ್ಲಿ ಕೇಂದ್ರದ ಪೌಷ್ಟಿಕತೆಯ ಕಾರ್ಯಕ್ರಮ ಪೋಷಣ್ ಅಭಿಯಾನ ಬಂದ ಮೇಲೆ ಎಲ್ಲವನ್ನೂ ಒಂದೇ ಸಲ ತುರುಕುವ ಬದಲು 21 ಪಾಠ ಮಾಡಿ, ತಿಂಗಳಿಗೊಂದರಂತೆ ಮೀಟಿಂಗಿನಲ್ಲೇ ಕಲಿಸುವ ಪದ್ಧತಿ ತಂದರು. ಒಳ್ಳೆಯ ಯೋಚನೆ. ಈ ತಿಂಗಳು ಕಲಿತದ್ದನ್ನು ಊರಲ್ಲಿ ಮಾಡಿ, ಬರುವ ತಿಂಗಳು ಬಂದು ಏನಾಯಿತು ಹೇಳಿ ಅನ್ನುವಂಥದ್ದು. ಆದರೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಆಪ್ ಬಂತು ನೋಡಿ, ಮೀಟಿಂಗಿನ ಅರ್ಧ ಹೊತ್ತು ಈಗ ಫೋನಿಗೇ ಹೋಗುತ್ತೆ. ಎಂಟ್ರಿ ಆಯ್ತಾ, ಆಧಾರ್ ಆಯ್ತಾ, ಬಾಣಂತಿ ಗುರುತಿಗೆ ಫೋನಿಗೆ ಮುಖ ತೋರಿಸಿದಳಾ, ನೆಟ್‌ವರ್ಕ್ ಸಿಕ್ತಾ. ಲೆಕ್ಕ ಬೇಡ ಅನ್ನೋದಿಲ್ಲ ನಾನು, ಲೆಕ್ಕ ಇಲ್ಲದೆ ಸುಪ್ರೀಂ ಕೋರ್ಟಿನಲ್ಲಿ ಏನೂ ಗೆಲ್ಲೋಕೆ ಆಗುತ್ತಿರಲಿಲ್ಲ. ಆದರೆ ಸೊಸೆಗೆ ಬಾಳೆಹಣ್ಣು ಶೀತ, ಮೊಟ್ಟೆ ನಂಜು ಅನ್ನುವ ಅತ್ತೆಯ ಹತ್ತಿರ ಹೇಗೆ ಮಾತಾಡಬೇಕು ಅಂತ ಯಾವ ಆಪೂ ಹೇಳಿಕೊಡೋದಿಲ್ಲ ಅಲ್ವಾ? ಅದನ್ನು ಕಲಿಸೋಕೆ ಹೊತ್ತು ಬೇಕು.

ಮಾತೃಪೂರ್ಣ ಯೋಜನೆಯನ್ನೇ ನೋಡಿ. 2017ರ ಅಕ್ಟೋಬರ್ 2ರಿಂದ ರಾಜ್ಯಪೂರ್ತಿ ಶುರುವಾಯಿತು. ಬಸುರಿ ಬಾಣಂತಿಯರಿಗೆ ತಿಂಗಳಿಗೆ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ. ಅನ್ನ, ತರಕಾರಿ ಸಾಂಬಾರು, ಒಂದು ಮೊಟ್ಟೆ, ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಮನೆಗೆ ಪ್ಯಾಕೆಟ್ ಕೊಟ್ಟರೆ ಅದು ಗಂಡನಿಗೆ, ಮಾವನಿಗೆ, ಮಕ್ಕಳಿಗೆ ಹಂಚಿ ಹೋಗಿ, ಕೊನೆಗೆ ಉಣ್ಣುವವಳಿಗೆ ತಳದಲ್ಲಿದ್ದದ್ದು. ಅವಳು ಇಲ್ಲೇ ಬಂದು ಕೂತು ಹೊಟ್ಟೆ ತುಂಬಾ ಉಣ್ಣಲಿ ಅನ್ನೋದು ಉದ್ದೇಶ. ಬಹಳ ಸರಿಯಾದ ಉದ್ದೇಶ.

ಆದರೆ ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ. ಎಂಟು ತಿಂಗಳ ಬಸುರಿ ಮಳೆಯಲ್ಲಿ ಸಂಕ ದಾಟಿ ಬರಬೇಕಾ? ಕೂಲಿಗೆ ಹೋಗುವವಳು ಹನ್ನೆರಡು ಗಂಟೆಗೆ ಕೆಲಸ ಬಿಟ್ಟು ಬಂದರೆ ಕೂಲಿ ಯಾರು ಕೊಡ್ತಾರೆ? ಹಸಿ ಬಾಣಂತಿಯನ್ನು ಹೊಸ್ತಿಲು ದಾಟಿಸದ ಮನೆಗಳಿವೆ. ಇನ್ನು ಕೆಲವು ಕಡೆ, ಹೇಳೋಕೆ ಬೇಸರ, ಅಡುಗೆ ಮಾಡುವವರ ಜಾತಿ ನೋಡಿ ಊಟಕ್ಕೆ ಬಾರದವರೂ ಇದ್ದಾರೆ. ಇದರಲ್ಲಿ ಯಾವುದಕ್ಕೂ ಬೆಂಗಳೂರಿನಿಂದ ಬರುವ ಸುತ್ತೋಲೆಯಲ್ಲಿ ಉತ್ತರ ಇರೋದಿಲ್ಲ. ಮೊದಲೆರಡು ತೊಂದರೆಗೆ ಯೋಜನೆಯೇ ಬದಲಾಗಬೇಕು, ಅದನ್ನು ಮೇಲಿನವರಿಗೆ ಕೇಳುವಂತೆ ಹೇಳಬೇಕು. ಬಾಣಂತಿಯ ವಿಷಯಕ್ಕೆ ಮನೆಯ ಹಿರಿಯರನ್ನು ಒಪ್ಪಿಸಬೇಕು. ಕೊನೆಯದಕ್ಕೆ ಊರಿನವರು ನಿಲ್ಲಬೇಕು, ಅಡುಗೆಯವಳೊಬ್ಬಳನ್ನೇ ಅದಕ್ಕೆ ಎದುರು ಬಿಡಬಾರದು. ಯಾವುದು ಯಾವ ಥರದ ತೊಂದರೆ ಅಂತ ಗುರುತಿಸೋದನ್ನೇ ನಾನು ತರಬೇತಿ ಅನ್ನೋದು. ಸುಮ್ನೆ ಎಲ್ಲಾದಕ್ಕೂ ಜಾಗೃತಿ ಮೂಡಿಸಿ ಅಂದ್ರೆ ಟೀಚರಿನ ತಲೆ ಮೇಲೆ ಇನ್ನೊಂದು ಹೊರೆ, ಅಷ್ಟೇ.

ಗಂಡಸರ ಮಾತು ಬಂದಾಗ ನಮ್ಮ ತರಬೇತಿ ಸೋತಿದೆ ಅಂತಲೇ ಹೇಳಬೇಕು. ಅಂಗನವಾಡಿಯಲ್ಲಿ ಸೀಮಂತ ಮಾಡ್ತಾರೆ, ಅನ್ನಪ್ರಾಶನ ಮಾಡ್ತಾರೆ, ಹಸಿರು ಬಳೆ ಹಾಕಿ ಫೋಟೊ ತೆಗೀತಾರೆ, ಚೆಂದ. ಗಂಡ ಎಲ್ಲಿ? ಮನೆಗೆ ಮೊಟ್ಟೆ ಸೊಪ್ಪು ತರೋದು ಯಾರು, ಸಂತೆಯ ದುಡ್ಡು ಯಾರ ಜೇಬಲ್ಲಿರುತ್ತೆ? ಗಂಡಂದಿರಿಗಾಗಿಯೇ ಒಂದು ದಿನ ಇಡಬೇಕು ಅಂತ ಪೋಷಣ್ ಅಭಿಯಾನದಲ್ಲಿದೆ. ಹಾಲಿನ ಡೇರಿ ಮುಂದೆ ಸಾಯಂಕಾಲ ಹತ್ತು ನಿಮಿಷ ನಿಂತು ಮಾತಾಡಿದರೆ ಮೀಟಿಂಗಿಗಿಂತ ಜಾಸ್ತಿ ಗಂಡಸರು ಸಿಗ್ತಾರೆ ಅಂತ ನಾನು ಟೀಚರುಗಳಿಗೆ ಹೇಳ್ತಾ ಇರ್ತೀನಿ.

ಈಗ ದುಡ್ಡಿನ ಮಾತು. ಒಂದು ಮಗುವಿನ ಊಟಕ್ಕೆ ದಿನಕ್ಕೆ ಎಂಟು ರೂಪಾಯಿ, ಬಸುರಿ ಬಾಣಂತಿಗೆ ಒಂಬತ್ತೂವರೆ ಅಂತ ಕೇಂದ್ರ ಸರ್ಕಾರ 2017ರಲ್ಲಿ ದರ ಕಟ್ಟಿತು. ಇವತ್ತು ಅಂಗಡಿಯಲ್ಲಿ ಒಂದು ಮೊಟ್ಟೆ ಎಷ್ಟು ಅಂತ ನಿಮಗೇ ಗೊತ್ತು. ಟೀಚರಿನ ಗೌರವಧನದಲ್ಲಿ ಕೇಂದ್ರ ಕಟ್ಟಿದ ಮೊತ್ತ 2018ರಲ್ಲಿ 4,500 ಆಯಿತು, ಸಹಾಯಕಿಗೆ 2,250. ಉಳಿದದ್ದು ರಾಜ್ಯ ಸೇರಿಸಿ ಕೊಡುತ್ತೆ. ಆ ರಾಜ್ಯದ ಪಾಲೂ ಸುಮ್ನೆ ಏರಿಲ್ಲ. 2017ರ ಮಾರ್ಚ್‌ನಲ್ಲಿ ಸಾವಿರಾರು ಅಂಗನವಾಡಿ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ ಬಿಸಿಲಲ್ಲಿ, ರಾತ್ರಿಯೆಲ್ಲ ರಸ್ತೆಯಲ್ಲೇ ಮಲಗಿ ಕೇಳಿದ ಮೇಲೆ ಬಂದದ್ದು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇವರಿಗೂ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಸಲ್ಲಬೇಕು ಅಂತ ತೀರ್ಪು ಕೊಟ್ಟಿತು. ಆ ಪೀಠದಲ್ಲಿದ್ದ ಒಬ್ಬರು ಅದಕ್ಕೂ ಮೊದಲು ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ. ಟೀಚರ್ ಮುಷ್ಕರಕ್ಕೆ ಹೋದಾಗ ಮಕ್ಕಳ ಊಟ ತಪ್ಪುತ್ತೆ ಅಂತ ಬೈಯುವವರು ಇದ್ದಾರೆ. ತಪ್ಪೋದು ನಿಜ. ಆದರೆ ಅಡುಗೆ, ಪಾಠ, ತೂಕ, ಸರ್ವೆ, ಚುನಾವಣೆ ಪಟ್ಟಿ ಎಲ್ಲಾ ಇವರ ಕೈಯಲ್ಲೇ ಮಾಡಿಸಿ, ಸಂಬಳ ಅನ್ನದೆ ಗೌರವಧನ ಅಂತ ಕೊಟ್ಟರೆ ಅವರಾದರೂ ಎಷ್ಟು ದಿನ ಸುಮ್ಮನಿರಬೇಕು?

ಕೇಳುಗರಲ್ಲಿ ಚಿಕ್ಕ ಮಕ್ಕಳಿರುವವರು, ಮನೆಯಲ್ಲಿ ಬಸುರಿ ಇರುವವರು ಇದ್ದರೆ ನಿಮಗೆ ಮೂರು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಅಂಗನವಾಡಿಗೊಂದು ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ತಾಯಂದಿರೇ ಇರುತ್ತಾರೆ. ಅದು ಕೊನೆಯ ಸಲ ಯಾವಾಗ ಸೇರಿತ್ತು ಅಂತ ವಿಚಾರಿಸಿ. ಸೇರಿಲ್ಲ ಅಂದ್ರೆ ಟೀಚರ್ ಮೇಲೆ ರೇಗಬೇಡಿ, ಬನ್ನಿ ಅಕ್ಕ, ಈ ವಾರ ಸೇರೋಣ ಅಂತ ಹೇಳಿ ನೀವೂ ಹೋಗಿ. ಮಗುವಿನ ತೂಕದ ಚುಕ್ಕಿ ಎಲ್ಲಿ ಬಿದ್ದಿದೆ ಅಂತ ತಾಯಿ ಕಾರ್ಡಿನಲ್ಲಿ ತೋರಿಸೋಕೆ ಕೇಳಿ, ಹಿಂದಿನ ತಿಂಗಳದ್ದನ್ನೂ ನೋಡಿ. ಆಹಾರ ಬರೋದೇ ನಿಂತು ಹೋಗಿದ್ದರೆ ಬಾಯಿ ಮಾತಲ್ಲಿ ಬಿಡಬೇಡಿ, ಬರೆದು ಸೂಪರ್‌ವೈಸರಿಗೆ, ಸಿಡಿಪಿಒಗೆ ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಅಲ್ಲೂ ಆಗದಿದ್ದರೆ ಜಿಲ್ಲೆಯ ಕುಂದುಕೊರತೆ ಅಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ. ಕೊಡಬೇಕಾದ ಊಟ ಕೊಡದಿದ್ದರೆ ಅದಕ್ಕೆ ಬದಲಾಗಿ ಭತ್ಯೆ ಕೊಡಬೇಕು ಅಂತ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ನಿನಲ್ಲೇ ಇದೆ. ಅರ್ಜಿಯಲ್ಲಿ ಆ ಸೆಕ್ಷನ್ ನಂಬರು ಬರೆಯೋದನ್ನು ಮಾತ್ರ ಮರೀಬೇಡಿ.

ನಮಸ್ಕಾರ.