ಗೂಗಲ್‌ನಲ್ಲಿ ಪ್ರಶ್ನೆ ಬಿಡಿ, ಉತ್ತರದಲ್ಲಿರುವ ಮಾತು ಹಾಕಿ

[ದಾವಣಗೆರೆ ಪಕ್ಕದ ಮೆಕ್ಕೆಜೋಳದ ಹೊಲ]

ನಮಸ್ಕಾರ. ಹಿಂದೆ ಕಾಣುತ್ತಿರುವುದು ನಮ್ಮ ಮಾವನ ಹೊಲ. ಮೊನ್ನೆ ಮಾವ ಮೊಬೈಲ್ ಹಿಡಿದುಕೊಂಡು ಬಂದರು. "ನೋಡಪ್ಪಾ, ಸುಳಿಯೆಲ್ಲಾ ತೂತು ಬಿದ್ದೈತಿ. ಗೂಗಲ್‌ಗೆ ಕೇಳಿದ್ರೆ ಬರೀ ಔಷಧಿ ಮಾರೋರೇ ಬರ್ತಾರೆ."

[ಮೊಬೈಲ್ ಪರದೆ: ನಮ್ಮ ಜೋಳದ ಸುಳಿ ಯಾವುದೋ ಹುಳ ತಿಂತಾ ಇದೆ ಏನು ಮಾಡಬೇಕು]

ಈಗಿನ ಸರ್ಚ್ ಎಂಜಿನ್‌ಗೆ ಇಂಥ ಪ್ರಶ್ನೆಯೂ ಒಂದಿಷ್ಟು ಅರ್ಥವಾಗುತ್ತದೆ. ಆದರೆ ಕೊನೆಗೆ ಅದು ತಂದುಕೊಡುವುದು ಯಾರೋ ಬರೆದಿಟ್ಟ ಪುಟವನ್ನೇ. ಕೃಷಿ ವಿಜ್ಞಾನಿಗಳು ಬರೆದ ಕೈಪಿಡಿಯಲ್ಲಿ "ಯಾವುದೋ ಹುಳ" ಅಂತ ಇರುತ್ತಾ? ಇರುವುದಿಲ್ಲ. "ಸೈನಿಕ ಹುಳು" ಅಂತ ಇರುತ್ತದೆ, "ಹತೋಟಿ" ಅಂತ ಇರುತ್ತದೆ.

ಹೆಸರೇ ಗೊತ್ತಿಲ್ಲ ಅಂದರೆ? ಹುಳದ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಮೊದಲು ಹೆಸರು ಹುಡುಕಿ, ಆಮೇಲೆ ಆ ಹೆಸರು ಹಿಡಿದು ಮದ್ದು ಹುಡುಕಿ. ನಾವು ಹಾಗೇ ಮಾಡಿದೆವು.

[ಮೊಬೈಲ್ ಪರದೆ: ಮೆಕ್ಕೆಜೋಳ ಸೈನಿಕ ಹುಳು ಹತೋಟಿ]

ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ ಫೈಲ್‌ಟೈಪ್, ಕೋಲನ್, ಪಿಡಿಎಫ್ (filetype:pdf) ಅಂತ ಸೇರಿಸಿದೆವು. ನಡುವೆ ಜಾಗ ಬಿಡಬಾರದು. ಅಂಗಡಿಯವರೆಲ್ಲ ಮಾಯ, ಕೈಪಿಡಿಗಳು ಮಾತ್ರ ಉಳಿದವು. ಅಂದಹಾಗೆ, ಇಂಗ್ಲಿಷ್‌ನಲ್ಲಿ ಫಾಲ್ ಆರ್ಮಿವರ್ಮ್ ಅನ್ನುವ ಈ ಹುಳ ಭಾರತದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಅದಕ್ಕಿಂತ ಹಳೆಯ ಕೈಪಿಡಿ ಸಿಕ್ಕರೆ ಸುಮ್ನೆ ಪಕ್ಕಕ್ಕಿಡಿ.

[ವಾಣಿ ವಿಲಾಸ ಸಾಗರದ ದೃಶ್ಯ]

ಹಿರಿಯೂರಿನ ಡ್ಯಾಂ ತುಂಬಿದ ಸುದ್ದಿ ಬೇಕಾ? "ಡ್ಯಾಂ ಫುಲ್" ಅಂತ ಹಾಕಿದರೆ ಯಾವ್ಯಾವುದೋ ಡ್ಯಾಂ ಬರುತ್ತದೆ. ನಮ್ಮ ಕಡೆ ಬರೆಯುವುದು "ಕೋಡಿ ಬಿತ್ತು" ಅಂತ. ಹಾಗಾಗಿ "ಕೋಡಿ" ಹಾಕಿ. 1933ರಲ್ಲಿ ಕೋಡಿ ಬಿದ್ದಿದ್ದು, ಆಮೇಲೆ 2022ರಲ್ಲೇ. 2025ರಲ್ಲೂ ಬಿತ್ತು. 2022ರದ್ದೇ ಬೇಕು ಅಂದರೆ ಆಫ್ಟರ್, ಬಿಫೋರ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಕೋಲನ್ ಹಾಕಿ ತಾರೀಖು ಕೊಡಿ. ಮೊದಲು ವರ್ಷ, ಆಮೇಲೆ ತಿಂಗಳು, ದಿನ.

[ಮೊಬೈಲ್ ಪರದೆ: "ವಾಣಿ ವಿಲಾಸ ಸಾಗರ"]

ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಅದೇ ಪದಗಳು, ಅದೇ ಸಾಲಾಗಿ ಇರುವ ಪುಟ ಸಿಗುತ್ತದೆ. ಇದನ್ನು ಎಲ್ಲರೂ ಹೇಳುತ್ತಾರೆ. ಕನ್ನಡದ ತಕರಾರು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ. ಪುಟದಲ್ಲಿ "ಸಾಗರದ", "ಸಾಗರಕ್ಕೆ" ಅಂತಿದ್ದರೆ ಅದು ತಪ್ಪಿ ಹೋಗಬಹುದು. ಕೆಲವರು "ವಾಣಿವಿಲಾಸ" ಅಂತ ಕೂಡಿಸಿ ಬರೆಯುತ್ತಾರೆ, ಹಳಬರು "ಮಾರಿಕಣಿವೆ" ಅಂತಾರೆ. ಎರಡು ಮೂರು ರೂಪ ಹಾಕಿ ನೋಡಿ. ನಮ್ಮೂರು ದಾವಣಗೆರೆಯ ಹೆಸರೂ ಅಷ್ಟೇ, ಇಂಗ್ಲಿಷ್‌ನಲ್ಲಿ ಎರಡು ಸ್ಪೆಲ್ಲಿಂಗ್ ಇದೆ.

ಬೇಡದ್ದನ್ನು ತೆಗೆಯಲು ಮೈನಸ್. "ಬೆಣ್ಣೆ ದೋಸೆ -ಬೆಂಗಳೂರು". ಮೈನಸ್‌ಗೂ ಪದಕ್ಕೂ ನಡುವೆ ಜಾಗ ಬೇಡ. ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬೇಡಿ.

ಕಸ್ಟಮರ್ ಕೇರ್ ನಂಬರ್ ಮಾತ್ರ ಹೀಗೆ ಹುಡುಕಲೇಬೇಡಿ. ಕಳ್ಳರು ತಮ್ಮ ನಂಬರ್‌ಗಳನ್ನು ಅಲ್ಲಿ ತೂರಿಸಿರುತ್ತಾರೆ. ಬ್ಯಾಂಕಿಗೆ ಆದರೆ ಕಾರ್ಡಿನ ಹಿಂದೆ ಇರುವ ನಂಬರ್‌ಗೇ ಮಾಡಿ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

[ಹಳೆಯ ಜಿಲ್ಲಾ ನಕ್ಷೆ]

ಇನ್ನೊಂದು ಇದೆ, ಇದು ನನಗೆ ತುಂಬಾ ತಡವಾಗಿ ಹೊಳೆದದ್ದು. ತಾತನ ಕಾಲದ ಒಂದು ಗೆಜೆಟ್ ಪ್ರಕಟಣೆಗಾಗಿ "ದಾವಣಗೆರೆ ಜಿಲ್ಲೆ" ಅಂತ ವಾರಗಟ್ಟಲೆ ಹುಡುಕಿದೆ. ಎಲ್ಲಿ ಸಿಗಬೇಕು? ದಾವಣಗೆರೆ ಜಿಲ್ಲೆಯಾಗಿದ್ದೇ 1997ರಲ್ಲಿ, ಅಲ್ಲಿವರೆಗೆ ನಾವು ಚಿತ್ರದುರ್ಗ ಜಿಲ್ಲೆ. "ದಾವಣಗೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ" ಅಂತ ಹಾಕಿದೆ, ಸಿಕ್ಕಿತು. ಹರಪನಹಳ್ಳಿಯವರದ್ದು ಇನ್ನೂ ಮಜಾ. 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಕಾಗದ ಯಾವ ವರ್ಷದ್ದು ಅಂತ ಮೊದಲು ನೋಡಿ, ಆಮೇಲೆ ಜಿಲ್ಲೆ ಟೈಪ್ ಮಾಡಿ.