ಗರಗಸಕ್ಕಿಂತ ಮೊದಲು ಪಂಚ್

ನೋಡಿ, ಎಡಗೈಲಿರೋದು 304, ಬಲಗೈಲಿರೋದು 316. ಎರಡೂ ಸ್ಟೇನ್‌ಲೆಸ್ ಸ್ಟೀಲ್, ಒಂದೇ ದಪ್ಪ, ಒಂದೇ ಹೊಳಪು. ಆಯಸ್ಕಾಂತ ಹಿಡಿದ್ರೆ ಎರಡಕ್ಕೂ ಅಂಟಲ್ಲ. ಆದ್ರೆ 316ರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತೆ. ಉಪ್ಪುನೀರಿಗೆ ಅದು ಚೆನ್ನಾಗಿ ತಡೆಯೋದು ಅದರಿಂದಲೇ.

ಪೀಣ್ಯದ ನಮ್ಮ ಮಶಿನ್ ಶಾಪಲ್ಲಿ ಇವೆರಡೂ ಅದಲುಬದಲಾದವು. 316 ರಾಡ್ ಬಂದಾಗ ತುದೀಲಿ ಹೀಟ್ ನಂಬರ್ ಪಂಚ್ ಆಗಿತ್ತು. ಒಂದೇ ಸಲ ಕರಗಿಸಿದ ಉಕ್ಕಿಗೆಲ್ಲ ಮಿಲ್‌ನವರು ಕೊಡೋ ನಂಬರು ಅದು. ನಮ್ಮ ಹುಡುಗ ನಂಬರಿದ್ದ ತುದಿಯಿಂದಲೇ ಕೊಯ್ದ. ಉಳಿದ ಮೂರಡಿ ತುಂಡು ರ‍್ಯಾಕಿಗೆ ಹೋಯ್ತು, ಅಷ್ಟೇ ದಪ್ಪದ 304 ತುಂಡಿನ ಪಕ್ಕ. ಎಂಟು ತಿಂಗಳಾದ ಮೇಲೆ ಗಿರಾಕಿಯೊಬ್ಬರು ವಾಲ್ವ್ ಸ್ಪಿಂಡಲ್ ವಾಪಸ್ ಕಳಿಸಿದ್ರು. ಮೈತುಂಬ ಸೂಜಿ ಚುಚ್ಚಿದ ಹಾಗೆ ತೂತು. "ಇದು ಯಾವ ಹೀಟು?" ಅಂದ್ರು. ಟಿಸಿ, ಅಂದ್ರೆ ಮಿಲ್‌ನವರ ಟೆಸ್ಟ್ ಸರ್ಟಿಫಿಕೇಟು, ಫೈಲಲ್ಲಿ ಅಚ್ಚುಕಟ್ಟಾಗೇ ಇತ್ತು. ಅದು ಯಾವ ತುಂಡಿಂದು ಅಂತ ಹೇಳೋಕೆ ನನ್ನ ಕೈಲಿ ಆಗಲಿಲ್ಲ. ತಪ್ಪು ಹುಡುಗನದ್ದಲ್ಲ, ನಾನು ಹೇಳಿಕೊಟ್ಟಿರಲಿಲ್ಲ.

"ಎಕ್ಸ್‌ಆರ್‌ಎಫ್ ಗನ್ ಇದೆಯಲ್ಲ ಸಾರ್" ಅಂತಾರೆ. ಇದೆ. ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನೇನಿದೆ ಅಂತ ನೋಡೋ ಕೈಯಂತ್ರ ಅದು. 304, 316 ಯಾವುದು ಅಂತ ಸೆಕೆಂಡುಗಳಲ್ಲಿ ಹೇಳುತ್ತೆ. ಆದ್ರೆ ಕಾರ್ಬನ್ ಅದರ ಲೆಕ್ಕಕ್ಕೆ ಸಿಗಲ್ಲ, ಹಾಗಾಗಿ ಮೈಲ್ಡ್ ಸ್ಟೀಲ್ ಯಾವುದು, ಕಾರ್ಬನ್ ಜಾಸ್ತಿ ಇರೋ ಇಎನ್8 ಉಕ್ಕು ಯಾವುದು ಅಂತ ಅದನ್ನ ನಂಬಿ ಹೇಳೋಕಾಗಲ್ಲ. ಹೀಟ್ ನಂಬರಂತೂ ಯಾವ ಗನ್ನೂ ಹೇಳಲ್ಲ.

ಹೀಟ್ ಯಾಕೆ ಅಷ್ಟು ಮುಖ್ಯ? 1989ರ ಜುಲೈ 19ರಂದು ಅಮೆರಿಕದಲ್ಲಿ ಯುನೈಟೆಡ್ 232 ವಿಮಾನದ ಬಾಲದ ಎಂಜಿನ್ನಿನ ಟೈಟಾನಿಯಂ ಫ್ಯಾನ್ ಡಿಸ್ಕ್ ಆಕಾಶದಲ್ಲೇ ಒಡೀತು. ಸೂ ಸಿಟಿಯಲ್ಲಿ ಇಳಿಸೋಕೆ ಹೋಗಿ 112 ಜನ ಸತ್ತರು. ದೋಷ ಹುಟ್ಟಿದ್ದು ಲೋಹ ಕರಗಿಸುವಾಗಲೇ. ಅಂದ್ಮೇಲೆ ಅದೇ ಹೀಟಿನ ಬೇರೆ ಡಿಸ್ಕುಗಳು ಎಲ್ಲೆಲ್ಲಿ ಹಾರ್ತಿವೆ ಅಂತ ಹುಡುಕಬೇಕಲ್ಲ? ಹಳೇ ದಾಖಲೆ ತೆಗೆದ್ರೆ, ಒಂದೇ ಸೀರಿಯಲ್ ನಂಬರಲ್ಲಿ ಎರಡು ಡಿಸ್ಕ್! ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ನಮ್ಮಲ್ಲಿ ಗರಗಸ ಮುಟ್ಟೋಕೆ ಮೊದಲು, ಉಳಿಯೋ ಭಾಗಕ್ಕೆ ಹೀಟ್ ನಂಬರ್ ಪಂಚ್ ಆಗಲೇಬೇಕು. ಜಾಬ್ ಕಾರ್ಡಲ್ಲೂ ಅದೇ ನಂಬರು. ಲೇತಲ್ಲಿ ಗುರುತು ಅಳಿಸಿಹೋಗೋ ಜಾಬಿಗೆ ಟ್ಯಾಗ್ ಕಟ್ತೀವಿ. ಎರಡು ನಿಮಿಷದ ಕೆಲಸ. ಕಳೆದ ವಾರ ರ‍್ಯಾಕ್ ಹಿಂದೆ ನಂಬರಿಲ್ಲದ ದಪ್ಪ ತುಂಡೊಂದು ಸಿಕ್ತು. ಗನ್ ಹಿಡಿದು ನೋಡಿದ್ರೆ 316ಏ. ಹೊಟ್ಟೆ ಉರೀತು, ಆದ್ರೂ ಗುಜರಿಗೆ ಹಾಕಿದೆ.